ಅವಸರದ ಮಾಮ ಮತ್ತು ಒಂಬತ್ತು ಬುಟ್ಟಿಗಳು

ನನ್ನ ಸೋದರಮಾವ ಜೀವಮಾನದಲ್ಲಿ ಒಂದು ಕಪ್ ಚಹಾವನ್ನೂ ನೆಟ್ಟಗೆ ಕುಡಿದವನಲ್ಲ. ಆರುವವರೆಗೆ ಕಾಯಬೇಕಲ್ಲ! ನಾಲಿಗೆ ಸುಟ್ಟುಕೊಂಡು, "ಅಗದೀ ಬೆಸ್ಟ್ ಆಗೇತಿ" ಎಂದು ಕಪ್ಪು ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದ. ಎಲ್ಲಿಗೆ? ಅದು ಅವನಿಗೂ ಓಣಿಯ ತುದಿ ಮುಟ್ಟಿದ ಮೇಲೆಯೇ ಹೊಳೆಯುತ್ತಿತ್ತು.

ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಅವನು ಕಂಟ್ರೋಲರ್. ಇಂಥವನ ಕೈಗೆ ಬಸ್ಸು ಬಿಡುವ ಕೆಲಸ ಕೊಟ್ಟವರು ಯಾರೋ, ಗಾಡ್ ಬ್ಲೆಸ್ ದೆಮ್! ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ತವರಿಗೆ ಕಳಿಸಲು ಹೋಗಿ, ಆಕೆಯ ಟ್ರಂಕನ್ನು ಹಿರೇಕೆರೂರಿನ ಬಸ್ಸಿಗೇರಿಸಿ, ಟೈಮಾಯಿತೆಂದು ಬಸ್ಸು ಬಿಟ್ಟೇಬಿಟ್ಟ. ಅತ್ತೆ ಇನ್ನೂ ಕೆಳಗೆ ಮಲ್ಲಿಗೆ ಹೂವಿನ ಚೌಕಾಸಿಯಲ್ಲಿದ್ದಳು! ಆಕೆ ಅಳುತ್ತ ಬಂದರೆ ಈ ಮಹಾಶಯ ಏನಂದ ಗೊತ್ತೆ? "ಅಳಬ್ಯಾಡ. ಟ್ರಂಕರ ಟೈಮಿಗೆ ಮುಟ್ಟತೈತಿ."

ಇಂಥ ಮನುಷ್ಯನಿಗೆ ಭೂಮಿಯ ಮೇಲಿನ ಅತಿ ನಿಧಾನದ ಆಟ ಕಲಿಸಿದ ಪಾಪ ನನ್ನದೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ತಮ್ಮ ದೇಶಕ್ಕೆ ಮರಳುವಾಗ ನನ್ನ ಕೈಗೆ ಗಾಳಿಯಲ್ಲಿ ತೇಲಿಸಿ ಎಸೆಯುವ ಎಂಟು ಪ್ಲಾಸ್ಟಿಕ್ ತಾಟುಗಳನ್ನಿತ್ತರು. ಅವರ ಅಣ್ಣನ ಮಗ ಅಮೆರಿಕದಿಂದ ಕಳಿಸಿದ್ದವು. ಜೊತೆಗೊಂದು ಹಾಳೆ ತುಂಬ ರೂಲ್ಸು. ದೂರದಿಂದ ತಾಟು ಬೀಸಿ ಬುಟ್ಟಿಗೆ ಹಾಕಬೇಕು. ತಪ್ಪಿದರೆ ಅದು ಬಿದ್ದಲ್ಲಿಂದಲೇ ಮತ್ತೆ ಎಸೆಯಬೇಕು. ಒಂಬತ್ತು ಬುಟ್ಟಿ. ಯಾರು ಕಡಿಮೆ ಎಸೆತಗಳಲ್ಲಿ ಮುಗಿಸುತ್ತಾರೋ ಅವರು ಗೆದ್ದಂತೆ. ಬುಟ್ಟಿಯಿಂದ ಹೆಚ್ಚು ದೂರ ಇದ್ದವರದು ಮೊದಲ ಪಾಳಿ. ಅವರು ಎಸೆಯುವವರೆಗೆ ಉಳಿದವರು ಪಿನ್ ಡ್ರಾಪ್ ಸೈಲೆನ್ಸ್!

ರಜೆಗೆ ಬಂಕಾಪುರದ ಮಾಮನ ಮನೆಗೆ ಹೋದಾಗ ಹಾಳೆಯನ್ನು ಓದಿ ಹೇಳಿದೆ. ನಾನು ಅರ್ಧ ಮುಗಿಸುವಷ್ಟರಲ್ಲಿ ಮಾಮ ಅತ್ತೆಯ ರೊಟ್ಟಿಬುಟ್ಟಿ ಎತ್ತಿಕೊಂಡು ಕೋಟೆಯತ್ತ ಹೊರಟಾಗಿತ್ತು. ರೊಟ್ಟಿ ಅದರೊಳಗೇ ಇದ್ದವು!

ಕೋಟೆ ಬಯಲಿನ ಮರಗಳಿಗೆ ಎದೆಯೆತ್ತರಕ್ಕೆ ಬುಟ್ಟಿ ಕಟ್ಟಿದೆವು. ಟಫ್ ಕೋರ್ಸು ಅಂದರೆ ಅದು. ಎಡಕ್ಕೆ ಕಂದಕ, ಬಲಕ್ಕೆ ಜಾಲಿಮುಳ್ಳು, ನಡುವೆ ಸೊಕ್ಕಿನ ನವಿಲುಗಳು. ಆರನೆಯ ಬುಟ್ಟಿಯಲ್ಲಿ ಯಾರದೋ ಕೋಳಿ ಕಾವಿಗೆ ಕುಳಿತದ್ದರಿಂದ ಮೂರು ವಾರ ಎಂಟೇ ಬುಟ್ಟಿ ಆಡಿದೆವು. ಬಸ್ಸುಗಳ ಜೊತೆ ಸುದ್ದಿಯೂ ಹೋಗಿ, ಒಂದೆರಡು ವರ್ಷದಲ್ಲಿ ಹಾನಗಲ್ಲು, ಸವಣೂರು, ಹಿರೇಕೆರೂರಿನ ಹವ್ಯಾಸಿಗಳೂ ಸೇರಿದರು. ಹಾನಗಲ್ಲಿನವರು ಕೆರೆದಂಡೆಯ ಮೇಲೆ ಬುಟ್ಟಿ ಕಟ್ಟಿ ನಮ್ಮ ಎರಡು ತಾಟುಗಳಿಗೆ ಜಲಸಮಾಧಿ ಮಾಡಿಸಿದರು. ಹಿರೇಕೆರೂರಿನವರು ಗೋವಿನಜೋಳದ ಹೊಲದ ಪಕ್ಕ ಕಟ್ಟಿದ್ದರಿಂದ ಆಡಿದ್ದಕ್ಕಿಂತ ಹುಡುಕಿದ್ದೇ ಹೆಚ್ಚು. ಕೊನೆಯ ಪಂದ್ಯ ಮಾತ್ರ ಪ್ರತಿವರ್ಷ ಬಂಕಾಪುರದಲ್ಲಿ. ಗೆದ್ದವರ ಮನೆಯಲ್ಲಿ ಒಂದು ಹಿತ್ತಾಳೆ ತಂಬಿಗೆ ವರ್ಷವಿಡೀ ಇರುತ್ತಿತ್ತು.

ಆ ತಂಬಿಗೆ ಮೂರು ವರ್ಷದಿಂದ ಸವಣೂರು ಬಿಟ್ಟು ಕದಲಿರಲಿಲ್ಲ. ಅಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದ ಎಲೆ ಸಾಹೇಬರು ಮಾಮನ ಜೀವದ ಗೆಳೆಯರು. ಅತ್ತರು ಹಚ್ಚಿಕೊಂಡು, ಗಡ್ಡ ನೀವುತ್ತ, ಒಂದು ತಾಟೆಸೆಯಲು ಒಂದು ಯುಗ ತೆಗೆದುಕೊಳ್ಳುವವರು. ಮೂರು ವರ್ಷವೂ ಅವರು ಮೊದಲಿಗರು, ಮಾಮ ಎರಡನೆಯವ. "ಈ ವರ್ಷ ತಂಬಿಗಿ ನಮ್ಮನಿಗೇ" ಎಂದು ಮಾಮ ಪಡಸಾಲೆಯ ಗೋಡೆಗೆ ಹಲಗೆ ಕೂಡ ಹೊಡೆಸಿಟ್ಟ.

"ಹಲಗಿ ಇರ್ಲಿ, ಮೊದ್ಲ ನಿಂತು ಎಸಿಯೂದು ಕಲೀರಿ" ಎಂದಳು ಅತ್ತೆ. "ತಾಟು ಕೈ ಬಿಡೂಕಿಂತ ಮೊದ್ಲ ನೀವ ಓಡ್ತೀರಿ."

ನಾನು ಕೋಚ್ ಆದೆ. ಪ್ರತಿ ಎಸೆತಕ್ಕೂ ಮೊದಲು ಒಂಬತ್ತರ ಮಗ್ಗಿ ಹೇಳಬೇಕೆಂದು ಶಿಸ್ತು ಹಾಕಿದೆ.

"ಒಂಬತ್ತೊಂದ್ಲ ಒಂಬತ್ತು, ಒಂಬತ್ಹತ್ಲ ತೊಂಬತ್ತು!" ಎಂದವನೇ ಬೀಸಿದ.

"ಮಾಮಾ, ನಡುವಿನವು?"

"ಎಕ್ಸ್‌ಪ್ರೆಸ್ ಐತವಾ ಇದು. ನಡುವ ಸ್ಟಾಪಿಲ್ಲ!"

ಆದರೂ ಹೇಳುತ್ತೇನೆ, ಸುಧಾರಿಸಿದ. ನಾಲ್ಕನೆಯ ವರ್ಷದ ಫೈನಲ್ಲಿನ ಹೊತ್ತಿಗೆ ಐವತ್ತನಾಲ್ಕರ ತನಕ ತಡೆದು ನಿಲ್ಲುತ್ತಿದ್ದ. ಆ ದಿನ ಎಂಟು ಬುಟ್ಟಿ ಮುಗಿದಾಗ ಮಾಮ, ಸಾಹೇಬರು ಸರಿಸಮ. ಅತ್ತೆ ಹಲಗೆ ಒರೆಸಿಟ್ಟೇ ಬಂದಿದ್ದಳು!

ಆದರೆ ಸಾಹೇಬರ ನಿಧಾನ ಅಂದು ವಿಪರೀತವಾಗಿತ್ತು. ಪ್ರತಿ ಎಸೆತಕ್ಕೂ ಮೊದಲು ಬುಟ್ಟಿಯ ತನಕ ನಡೆದುಹೋಗಿ, ಅದನ್ನು ಕೈಯಿಂದ ಮುಟ್ಟಿ, ಹೆಜ್ಜೆ ಎಣಿಸುತ್ತ ಮರಳುವುದು. ಕೇಳಿದರೆ "ಗಾಳಿ ನೋಡಾಕತ್ತೇನಿ" ಎನ್ನುವುದು.

"ಸಾಹೇಬ್ರ, ಇಷ್ಟೊತ್ತಿಗೆ ಹುಬ್ಬಳ್ಳಿ ಬಸ್ಸು ಹೋಗಿ ಹೊಳ್ಳಿ ಬಂದಿರತಿತ್ತು!" ಎಂದ ಮಾಮ.

"ಬರ್ಲಿ ಬಿಡ್ರಿ. ನಾವೇನ್ ಅದಕ್ಕ ಹತ್ತವ್ರಲ್ಲ."

ಒಂಬತ್ತನೆಯ ಬುಟ್ಟಿ. ಇಬ್ಬರ ಮೊದಲ ಎಸೆತವೂ ಮುಗಿದು, ದೂರವಿದ್ದ ಸಾಹೇಬರದು ಪಾಳಿ. ಎಂದಿನಂತೆ ಬುಟ್ಟಿಯತ್ತ ಹೊರಟವರು ಒಂದು ಜಾಲಿ ಪೊದೆಯ ಮುಂದೆ ನಿಂತರು. ಸೆಖೆಯೆಂದು ಯಾರೋ ಅದರ ಮೇಲೆ ಬಿಳಿ ಅಂಗಿ ಹಾಕಿದ್ದರು.

"ಯಾಕ್ರಿ, ಬಿಸಲಾಗ ಒಬ್ರ ನಿಂತೀರಿ? ಬರ್ರಿ, ಕೂಡೇ ಹೋಗೂಣು" ಎಂದರು ಸಾಹೇಬರು, ಅಂಗಿಗೆ.

ಏನು ಜೋಕೆಂದು ಬಯಲೆಲ್ಲ ನಕ್ಕಿತು. ಸಾಹೇಬರೂ ನಕ್ಕರು, ಒಂದು ಕ್ಷಣ ತಡವಾಗಿ. ಮತ್ತೆ ಬುಟ್ಟಿ ಮುಟ್ಟಲು ಹೋಗದೆ ಥಟ್ಟನೆ ಹಿಂದಿರುಗಿಬಿಟ್ಟರು. ಮಾಮ ಮಾತ್ರ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, "ಅವರಿಗೆ ಕಣ್ಣು ಕಾಣವಲ್ದವಾ" ಎಂದ.

"ಎಲ್ಲಾರಿಗೂ ಹೇಳೂಣೇನು?"

"ಹುಚ್ಚಿ! ಇಷ್ಟು ಮಂದಿ ಮುಂದ?"

ಸಾಹೇಬರು ತಾಟು ಹಿಡಿದು ನಿಂತರು. ಮುಖ ಬುಟ್ಟಿಯಿಂದ ಮೂರು ಮಾರು ಆಚೆಗಿತ್ತು. ಮಾಮ ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು, ತಂಬಿಗೆ ತಾನಾಗಿ ನಡೆದು ಮನೆಗೆ ಬರುತ್ತಿತ್ತು. ರೂಲ್ಸೂ ಅದನ್ನೇ ಹೇಳಿತ್ತಲ್ಲ!

ಮಾಮ ಸರಸರನೆ ಹೋಗಿ ಬುಟ್ಟಿಗೆ ಆತುಕೊಂಡು ನಿಂತ. "ಏನ್ರಿ ಸಾಹೇಬ್ರ, ಮೊನ್ನೆ ಕಳಿಸಿದ ಎಲಿ ಭಾಳ ಖಾರ ಇದ್ದವಲ್ರಿ! ನಮ್ಮಾಕಿ ಬಾಯಿ ಸುಟ್ಟು ಎರಡು ದಿನ ನನ್ನ ಕೂಡ ಮಾತಾಡಿಲ್ಲ. ಹಂಗಾರ ಇನ್ನೊಂದು ಕಟ್ಟು ಕಳಸ್ರಿ..."

"ಸೈಲೆನ್ಸ್! ರೂಲ್ಸ್ ಐತಿ!" ಎಂದು ಹಾನಗಲ್ಲಿನವರು ಕೂಗಿದರು.

"ನನಗ ಸುಮ್ನ ನಿಂದ್ರಾಕ ಬರೂದಿಲ್ಲಂತ ನಾಕೂ ತಾಲೂಕಿಗೆ ಗೊತ್ತೈತಿ. ಬೇಕಾದ್ರ ನನಗೊಂದು ಎಸೆತ ದಂಡ ಹಾಕ್ಕೋರಿ!" ಎಂದು, ಮತ್ತೆ ಎಲೆಪುರಾಣ ಮುಂದುವರಿಸಿದ.

ಸಾಹೇಬರ ಪಾದ ಮೆಲ್ಲಗೆ ತಿರುಗಿತು, ಮಾತು ಬಂದ ಕಡೆಗೆ. ಗಡ್ಡದೊಳಗೆ ಸಣ್ಣ ನಗು. ತಾಟು ಮಾಮನ ಕಿವಿ ಸವರಿಕೊಂಡು ಬಂದು ಬುಟ್ಟಿಗೆ ಬಿತ್ತು. ಮಾಮನೂ ಮುಂದಿನ ಎಸೆತದಲ್ಲೇ ಹಾಕಿದ. ದಂಡದ ಒಂದು ಎಸೆತದಿಂದ ಸೋತ. ತಂಬಿಗೆ ಮತ್ತೆ ಸವಣೂರಿಗೇ ಹೋಯಿತು. "ನಾಲಿಗಿ ಒಂದು ಹಿಡದಿದ್ರ ಗೆಲ್ಲತಿದ್ರಿ" ಎಂದು ಅತ್ತೆ ದಾರಿಯುದ್ದಕ್ಕೂ ಬೈದಳು. ಮಾಮ ಎಂದಿನಂತೆ ಹತ್ತು ಹೆಜ್ಜೆ ಮುಂದೆ.

ಮರುವಾರ ಮಾಮ ರಜೆ ಹಾಕಿ ಸಾಹೇಬರನ್ನು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಕರೆತಂದ. ನಾನಾಗ ಅಲ್ಲಿಯೇ ಕಾಲೇಜಿನಲ್ಲಿದ್ದೆ. ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ಹೋದರೆ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಮಾಮ, ಮುಂಜಾನೆಯಿಂದ ಒಬ್ಬನೇ. ತೊಡೆಯ ಮೇಲೆ ಸಾಹೇಬರ ಚಪ್ಪಲಿ.

"ಇನ್ನೆಷ್ಟೊತ್ತಂತ ಕೇಳಿಯೇನು, ಮಾಮಾ?"

"ಯಾಕ ಕೇಳೂದು? ಕಣ್ಣಿನ ಕೆಲಸ ಐತಿ, ಸಾವಕಾಶ ಮಾಡ್ಲಿ" ಎಂದ. ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. "ಬಾ, ಕುಂದ್ರು."