ಹೆಬ್ಬಾಳದ ಏರು ಮತ್ತು ನನ್ನ ಸೈಲೆನ್ಸರು

ಜೋರಾಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಅಷ್ಟು ಜೋರಾಗಿ ಹೇಳಬೇಕಾದರೆ ಒಳಗೆ ಏನಾದರೂ ಸರಕು ಇರಲೇಬೇಕು ಎಂದು ನಂಬುವವರ ಪೈಕಿ ನಾನು. ಈ ನಂಬಿಕೆಯಿಂದ ಬಾಳಿನಲ್ಲಿ ನನಗಾದ ನಷ್ಟಗಳನ್ನೆಲ್ಲ ಹೇಳುತ್ತ ಕೂತರೆ ನಿಮಗೆ ಬೇಸರವಾದೀತು. ನನ್ನ ಮೊಪೆಡ್ಡಿಗೆ ಆದದ್ದನ್ನಷ್ಟೇ ಹೇಳುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಯಲಹಂಕದಲ್ಲಿ ಬಾಡಿಗೆ ಮನೆ. ಹೆಂಡತಿ ವಿಶಾಲು ಆರ್.ಟಿ. ನಗರದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಅವಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋಗಿ ಶಾಲೆಗೆ ಬಿಟ್ಟು, ನಾನು ಯಶವಂತಪುರದ ಆಫೀಸಿಗೆ ಹೋಗುತ್ತಿದ್ದೆ. ಹೆಬ್ಬಾಳದ ಕೆರೆ ದಾಟುವವರೆಗೆ ಸಂಸಾರ ಸುಖವಾಗಿಯೇ ಸಾಗುತ್ತಿತ್ತು. ಆಮೇಲೆ ಏರು. ಏರಿನ ಬುಡದಲ್ಲಿ ಒಂದು ಬಸ್ ಸ್ಟಾಪು. ಸರಿಯಾಗಿ ಅಲ್ಲಿಗೆ ಬಂದಾಗ ಗಾಡಿಗೆ ಏದುಸಿರು ಹತ್ತುತ್ತಿತ್ತು. ವಿಶಾಲು ಇಳಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಛತ್ರಿ, ಟಿಫನ್ ಡಬ್ಬಿ, ಮಕ್ಕಳ ನೋಟ್‌ಪುಸ್ತಕಗಳ ಸಮೇತ ನಡೆಯತೊಡಗುವಳು. ನಾನು ಪೆಡಲ್ ತುಳಿಯುತ್ತ ಪಕ್ಕದಲ್ಲೇ ಹೋಗುತ್ತಿದ್ದೆ. ಎಷ್ಟೋ ಸಲ ಅವಳೇ ಮುಂದಿರುತ್ತಿದ್ದಳು. ಒಂದು ದಿನ ಏರಿನ ತುದಿಯಲ್ಲಿ ನನಗಾಗಿ ಕಾದು ನಿಂತಿದ್ದವಳು, "ಸೋಮವಾರದಿಂದ ಬಸ್ಸಲ್ಲಿ ಹೋಗ್ತೀನಿ ಕಣ್ರೀ. ನಮ್ ಸ್ಕೂಲ್ ಮಕ್ಕಳು ನೋಡ್ತಾರೆ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮದುವೆಯಾದ ಮೂರು ವರ್ಷದಲ್ಲಿ ನಾನು ಅವಳಿಗೆಂದು ಮಾಡಿದ್ದ ಒಂದೇ ಒಂದು ದೊಡ್ಡ ಏರ್ಪಾಡು ಆ ಹಿಂದಿನ ಸೀಟು. ಅದು ಖಾಲಿಯಾಗುತ್ತದೆಂದು ನೆನೆದರೆ ಸಂಕಟವಾಗುತ್ತಿತ್ತು.

ಆಫೀಸಿನ ಗೆಳೆಯ ಶ್ರೀಕಂಠನಿಗೆ ನನ್ನ ಕಷ್ಟ ಹೇಳಿಕೊಂಡೆ. ಅವನು ಮೂರು ಟೇಬಲ್ಲಿನಾಚೆಗೂ ಕೇಳಿಸುವಂತೆ, "ಸೈಲೆನ್ಸರ್ ಒಳಗೆ ಒಂದು ತೂತಿನ ಕೊಳವೆ ಇರುತ್ತೆ ಗುರು. ಅದೇ ಗಾಡಿ ಕತ್ತು ಹಿಸುಕ್ತಿರೋದು. ಕಿತ್ತು ಬಿಸಾಕು. ಆಮೇಲೆ ಏರು ಗೀರು ಏನೂ ಗೊತ್ತಾಗಲ್ಲ" ಎಂದ. ಇಷ್ಟು ಜೋರಾಗಿ ಹೇಳಿದ ಮೇಲೆ ಅನುಮಾನಿಸುವುದು ಹೇಗೆ? ಸಂಜೆಯೇ ಕಿತ್ತೆ. ಸ್ಟಾರ್ಟ್ ಮಾಡಿದರೆ ಬೀದಿಯೇ ನಡುಗಿತು. ಎದುರುಮನೆ ಅಜ್ಜಿ ಲಾರಿ ಬಂತೆಂದು ಮೊಮ್ಮಗನನ್ನು ಒಳಗೆಳೆದುಕೊಂಡರು. ನನ್ನ ಎದೆ ಉಬ್ಬಿತು. ಮಾರನೆಯ ದಿನ ಹೆಬ್ಬಾಳ ಬಂತು. ಸದ್ದು ಏರನ್ನು ಹತ್ತಿತು, ಗಾಡಿ ಬುಡದಲ್ಲೇ ಉಳಿಯಿತು. ಮೊದಲೆಲ್ಲ ವಿಶಾಲು ಇಳಿಯುವುದನ್ನು ಒಬ್ಬಿಬ್ಬರು ನೋಡುತ್ತಿದ್ದರು. ಈಗ ಇಡೀ ಬಸ್ ಸ್ಟಾಪು ತಿರುಗಿ ನೋಡಿತು.

ಶನಿವಾರ ಗಾಡಿಯನ್ನೂ ಬಿಸಾಕದೆ ಉಳಿಸಿದ್ದ ಕೊಳವೆಯನ್ನೂ ಪುಟ್ಟೇನಹಳ್ಳಿಯ ಮೆಕ್ಯಾನಿಕ್ ಮುನಿಯಪ್ಪನ ಹತ್ತಿರ ಒಯ್ದೆ. ಆತನದು ಎಷ್ಟು ಮೆಲುದನಿಯೆಂದರೆ ನಾನು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. "ಈ ಕೊಳ್ವೆ ಇರೋದು ಸದ್ದಿಗೆ ಮಾತ್ರ ಅಲ್ಲ ಸಾಮಿ. ಒಗೆ ಒಂಚೂರು ತಡ್ಕೊಂಡು ಓಗ್ಬೇಕು. ತಡೆ ಇಲ್ದಿದ್ರೆ ಉರಿಯೋಕ್ ಮುಂಚೇನೇ ಪೆಟ್ರೋಲು ಆಚೆಗೋಯ್ತದೆ." ಕೊಳವೆಯನ್ನು ಬೆಳಕಿಗೆ ಹಿಡಿದು, "ಎಣ್ಣೆ ಎಷ್ಟು ಉಯ್ತೀರಾ?" ಎಂದ. ಈ ಗಾಡಿಗಳಿಗೆ ಪೆಟ್ರೋಲಿನ ಜೊತೆ ಅಳತೆಯಾಗಿ ಎಣ್ಣೆ ಬೆರೆಸಬೇಕಿತ್ತು. ಎಂಜಿನ್ನಿಗೆ ಪುಷ್ಟಿಯಾಗಲೆಂದು ನಾನು ಪ್ರತಿ ಸಲವೂ ಒಂದು ಅಳತೆ ಹೆಚ್ಚಿಗೆ ಸುರಿಯುತ್ತಿದ್ದೆ; ಒಗ್ಗರಣೆಗೆ ಎಣ್ಣೆ ಕಡಿಮೆಯಾದರೆ ತಟ್ಟೆ ಮುಂದಿನಿಂದ ಏಳುವ ಮನೆತನ ನಮ್ಮದು. ಆ ಎಣ್ಣೆಯೆಲ್ಲ ಮಸಿಯಾಗಿ ಕೊಳವೆಯ ತೂತುಗಳನ್ನೂ ಸೈಲೆನ್ಸರಿನ ಹೊಟ್ಟೆಯನ್ನೂ ಮುಚ್ಚಿಬಿಟ್ಟಿತ್ತು. ಗಾಡಿಯ ಕತ್ತು ಹಿಸುಕುತ್ತಿದ್ದವನು ನಾನೇ. "ಮನೇಲಿ ನೀರೊಲೆ ಐತಲ್ಲ, ಎರಡನ್ನೂ ಅದ್ರೊಳಕ್ಕೆ ಆಕಿ. ಮಸಿ ಸುಟ್ಟೋಯ್ತದೆ" ಎಂದ ಮುನಿಯಪ್ಪ.

ಭಾನುವಾರ ಎಣ್ಣೆಸ್ನಾನಕ್ಕೆ ನೀರು ಕಾಯುವಾಗ ಸೈಲೆನ್ಸರೂ ಕೊಳವೆಯೂ ಬಚ್ಚಲ ಒಲೆ ಸೇರಿದವು. ವಿಶಾಲುವೇ ಕೂತು ಊದಿದಳು. ಸೌದೆಗಿಂತ ನನ್ನ ಮಸಿಯೇ ಚೆನ್ನಾಗಿ ಉರಿಯಿತು. ತಣ್ಣಗಾದ ಮೇಲೆ ಬಡಿದರೆ ಕರಿ ಹೆಪ್ಪುಗಳು ಉದುರಿದವು. ಉಳಿದ ತೂತುಗಳನ್ನು ಅವಳು ಹೆಣಿಗೆ ಕಡ್ಡಿಯಿಂದ ಒಂದೊಂದಾಗಿ ಬಿಡಿಸಿದಳು. ನಾನು ಎಲ್ಲವನ್ನೂ ಮತ್ತೆ ಜೋಡಿಸಿ, ಹೊಸದಾಗಿ ಎಣ್ಣೆ ಅಳೆದು ಬೆರೆಸಿದೆ.

ಸೋಮವಾರ ಅವಳು ಬಸ್ಸಿನ ಚಿಲ್ಲರೆ ಕೈಯಲ್ಲಿ ಹಿಡಿದುಕೊಂಡೇ ಹಿಂದೆ ಕೂತಳು. ಏರಿನ ಬುಡ ಬಂದಾಗ ಅಭ್ಯಾಸಬಲದಿಂದ ಅವಳ ಒಂದು ಕಾಲು ಇಳಿಯಲು ಸಿದ್ಧವಾಯಿತು. ಗಾಡಿ ನಿಲ್ಲಲಿಲ್ಲ. ಅರ್ಧ ಏರಾಯಿತು, ಇಟ್ಟಿಗೆಯ ಎತ್ತಿನ ಗಾಡಿಯೊಂದನ್ನು ಹಿಂದೆ ಹಾಕಿದ್ದೂ ಆಯಿತು, ನನ್ನ ಕಾಲು ಪೆಡಲನ್ನು ಒಮ್ಮೆಯೂ ತುಳಿಯಲಿಲ್ಲ. ತುದಿ ಮುಟ್ಟಿದಾಗ ಆದ ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ. ಗಾಡಿ ನಿಲ್ಲಿಸಿ ಹೆಮ್ಮೆಯಿಂದ ಹಿಂದೆ ನೋಡಿದೆ. ಬಸ್ ಸ್ಟಾಪಿನವರೆಲ್ಲ ನಮಗೆ ಬೆನ್ನು ಹಾಕಿ, ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. ಸದ್ದಿಲ್ಲದೆ ಗೆದ್ದವನನ್ನು ಯಾರು ನೋಡುತ್ತಾರೆ?

"ಯಾರೂ ನೋಡ್ಲಿಲ್ಲ ಕಣೇ. ಇನ್ನೊಂದ್ಸಲ ಹತ್ತೋಣ" ಎಂದೆ.

"ಪ್ರೇಯರ್ ಶುರುವಾಗುತ್ತೆ ಕಣ್ರೀ" ಎಂದಳು. ಆದರೆ ಇಳಿಯಲಿಲ್ಲ.

ಕೆಳಗಿಳಿದು, ತಿರುಗಿಸಿ, ಬುಡದಿಂದ ತುದಿಯವರೆಗೂ ಹಾರ್ನ್ ಒತ್ತಿ ಹಿಡಿದೇ ಹತ್ತಿದೆ. ಇಡೀ ಬಸ್ ಸ್ಟಾಪು ಕಣ್ಣರಳಿಸಿ ನೋಡಿತು. ವಿಶಾಲು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ನಡೆದು ಏರು ಹತ್ತಿದ ಅಷ್ಟು ದಿನಗಳಲ್ಲಿ ಒಮ್ಮೆಯೂ ತಡವಾಗದವಳಿಗೆ ಅಂದು ಹಾಜರಿ ಪುಸ್ತಕದಲ್ಲಿ ಮೊದಲ ಕೆಂಪು ಗುರುತು ಬಿತ್ತು. ಹೆಡ್‌ಮಿಸ್ಸು ಕಾರಣ ಕೇಳಿದರಂತೆ. "ನಮ್ಮನೆಯವರ ಗಾಡಿ ಸರಿಹೋಯ್ತು ಮೇಡಂ" ಅಂದಳಂತೆ.