ಮಂಡಕ್ಕಿ ಟ್ರೂ, ಟೀ ಫಾಲ್ಸ್

ನಾನು ಸುಮ್ಮನೆ ಕೂತರೂ ನನ್ನ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ. ನಾನೇನೂ ಮಾಡಿಲ್ಲ ಅಂದರೆ ನಮ್ಮವ್ವನೂ ನಂಬುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ದೊಡ್ಡಪ್ಪನ ಮಗಳು ನನ್ನನ್ನು ಕೆಲಸಕ್ಕೆ ಕರೆದುಕೊಂಡಳು. ನ್ಯಾಮತಿಯಲ್ಲಿ ಬೇಕರಿ ಮೇಲಿನ ಮಹಡಿಯಲ್ಲಿ ಅಕ್ಕನ ಆಫೀಸು. ಸುತ್ತಲಿನ ಊರುಗಳ ಅಂಗಡಿಗಳ ಬಿಲ್ಲಿನ ಕಂಪ್ಯೂಟರ್ ಕೆಲಸವೆಲ್ಲ ಅವಳದೇ. ನನಗೆ ಒಂದು ಪ್ಲಾಸ್ಟಿಕ್ ಸ್ಟೂಲು ಕೊಟ್ಟು ಹೇಳಿದಳು, "ತರಲೆ ಮಾಡದೆ ಇದ್ರೆ ತಿರುಗೋ ಕುರ್ಚಿ. ಮಾಡಿದ್ರೆ ವಾಪಸ್ ಗಣಿತ."

ನಾನು ಅವತ್ತಿಂದ ಆ ಕುರ್ಚಿಯಲ್ಲಿ ತಿರುಗುವ ಕನಸು ಕಾಣತೊಡಗಿದೆ.

ನಾಲ್ಕು ಪ್ಲಗಿನ್

"ಊಟದ ಕ್ಯಾರಿಯರ್ ಇದ್ದಂಗೆ ಕಣೋ," ಅಂದಳು ಅಕ್ಕ. "ಕಂಪ್ಯೂಟರ್ ಒಂದೇ, ಒಳಗೆ ಬೇರೆ ಬೇರೆ ಡಬ್ಬಿ. ಒಂದೊಂದರಾಗೆ ಒಂದೊಂದು ಅಂಗಡಿ ಕೆಲಸ. ಅದೇ ಕಂಟೇನರ್, ಅವನ್ನ ನಡೆಸೋದು ಡಾಕರ್. ಆ ಡಬ್ಬಿಗಳಿಗೆ ಹೊರಗಿಂದ ಸಿಕ್ಕಿಸೋದು ಪ್ಲಗಿನ್. ದಿನಾ ಬೆಳಗ್ಗೆ 'ಡಾಕರ್ ಪ್ಲಗಿನ್ ಎಲ್‌ಎಸ್' ಅಂತ ಹೊಡಿ, ಯಾವ್ಯಾವು ಅದಾವೆ ಬರಕೋ."

ಹೊಡೆದೆ. ಕಪ್ಪು ಪರದೆ ಮೇಲೆ ಒಂದೇ ಸಾಲು ಬಂತು. ಅದರ ಕೆಳಗೆ ಬಿಳಿ ಕಡ್ಡಿಯೊಂದು ಮಿಣುಕ್, ಮಿಣುಕ್. ಕೆರೆ ದಂಡೆಯಲ್ಲಿ ಕೂತವನ ಹಾಗೆ ಅದನ್ನೇ ನೋಡುತ್ತ ಕೂತೆ.

"ಎಷ್ಟು ಅದಾವೋ?"

"ನಾಲ್ಕಕ್ಕಾ. ಐಡಿ, ನೇಮ್, ಡಿಸ್ಕ್ರಿಪ್ಷನ್, ಎನೇಬಲ್ಡ್."

ಅಕ್ಕ ಕಣ್ಣು ಮುಚ್ಚಿಕೊಂಡಳು. "ಅವು ತಲೆಬರಹ ಕಣೋ. ಕೆಳಗೆ ಏನೂ ಇಲ್ಲ ಅಂದ್ರೆ ಪ್ಲಗಿನ್ನೇ ಹಾಕಿಲ್ಲ ಅಂತ. ಹಾಜರಿ ಪುಸ್ತಕದಾಗೆ 'ವಿದ್ಯಾರ್ಥಿಯ ಹೆಸರು' ಅಂತ ಮೇಲೆ ಬರೆದಿದ್ರೆ, ಅವನೂ ಬಂದಾನೆ ಅಂತೀಯೇನೋ?"

"ನಾನು ಶಾಲೆಗೆ ಹೋಗದ ದಿನ ಅವನಾದ್ರೂ ಬರ್ತಿದ್ದನಲ್ಲಕ್ಕಾ."

ಮಲಗಿದ್ದನ್ನು ಎಬ್ಬಿಸಬಾರದು

ಆಮೇಲೆ ಅಕ್ಕ ಎರಡು ಪ್ಲಗಿನ್ ಹಾಕಿದಳು. ಎದುರಿಗೆ ಟ್ರೂ ಅಂತಿದ್ದರೆ ಅದು ನಡೀತಿದೆ, ಫಾಲ್ಸ್ ಅಂತಿದ್ದರೆ ನಿಂತಿದೆ ಅಂತಲೂ ಕಲಿಸಿದಳು. ಒಂದು ದಿನ ಬಿಲ್ಲು ಉಳಿಸಿಡುವ ಪ್ಲಗಿನ್ ಮುಂದೆ ಫಾಲ್ಸ್ ಇತ್ತು. ನಾನು ಪುಸ್ತಕದಲ್ಲಿ ಹಾಗೇ ಬರೆದು, ಕಿಟಕಿಯಾಚೆ ಮೋಡ ನೋಡುತ್ತ ಕೂತೆ.

ಮಧ್ಯಾಹ್ನ ಅಕ್ಕ ಪುಸ್ತಕ ತೆಗೆದಳು. "ಇದು ಬೆಳಗ್ಗಿಂದ ನಿಂತೈತೆ. ಯಾಕೋ ಹೇಳಲಿಲ್ಲ?"

"ಮಲಗಿರಬೇಕು, ಎಬ್ಬಿಸಾಕೆ ಮನಸ್ಸಾಗಲಿಲ್ಲಕ್ಕಾ."

"ಅದು ಮಲಗೈತೆ. ಜಗಳೂರಿನ ಅಂಗಡಿಯವರು ಮಾತ್ರ ಆವಾಗಿಂದ ಎದ್ದು ಕುಂತು ನನಗೆ ಫೋನ್ ಮಾಡ್ತಾ ಅದಾರೆ."

ಸಾಹುಕಾರರ ಪಟ್ಟಿ

ಇಷ್ಟೆಲ್ಲ ಕಲಿತ ಮೇಲೆ ಕೈ ಸುಮ್ಮನಿರಬೇಕಲ್ಲ. ಅಕ್ಕನನ್ನು ನಗಿಸೋಣ ಅಂತ, ಬೆಳಗಿನ ಆ ಆಜ್ಞೆ ಹೊಡೆದರೆ ನಿಜವಾದ ಪಟ್ಟಿ ಬದಲು ನನ್ನ ಪಟ್ಟಿ ಬರುವ ಹಾಗೆ ಮಾಡಿಟ್ಟೆ. ಮಂಡಕ್ಕಿ ಟ್ರೂ, ಮಿರ್ಚಿ ಟ್ರೂ, ಟೀ ಫಾಲ್ಸ್. ಆಮೇಲೆ ಮರೆತೇಬಿಟ್ಟೆ.

ಮರುದಿನ ಹೊನ್ನಾಳಿಯಿಂದ ಗೊಬ್ಬರದಂಗಡಿ ಸಾಹುಕಾರರು ಬಂದರು. ಅವರ ಮೂರು ಅಂಗಡಿಗಳ ಕೆಲಸ ಸಿಕ್ಕರೆ, ಬಾಡಿಗೆಗೂ ಪರದಾಡುತ್ತಿದ್ದ ಅಕ್ಕನ ಆಫೀಸು ಉಳಿಯುತ್ತಿತ್ತು, ನನ್ನ ಕುರ್ಚಿಯೂ ಬರುತ್ತಿತ್ತು.

"ಬಾಯಲ್ಲಿ ಬ್ಯಾಡ ಕಣಮ್ಮಾ. ಮಿಷಿನ್ನಾಗೆ ಏನೇನು ಹಾಕೀರಿ, ಕಣ್ಣಿಗೆ ತೋರಿಸ್ರಿ," ಅಂದರು.

ಅಕ್ಕ ಆಜ್ಞೆ ಹೊಡೆದಳು. ಪಟ್ಟಿ ಬಂತು. ಮಂಡಕ್ಕಿ, ಮಿರ್ಚಿ, ಟೀ. ನನ್ನ ಕುರ್ಚಿ ತಿರುಗುತ್ತ ತಿರುಗುತ್ತ ಕಿಟಕಿಯಿಂದ ಹಾರಿಹೋದದ್ದು ನನಗೆ ಕಂಡಿತು.

ಸಾಹುಕಾರರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. "ಟ್ರೂ ಅಂದ್ರೆ?"

"ಐತೆ ಅಂತ್ರೀ," ಅಂದೆ.

"ಫಾಲ್ಸ್ ಅಂದ್ರೆ ಇಲ್ಲ?"

"ಹೂನ್ರೀ."

"ನಾಲ್ಕು ಕಡೆ ಹೋಗಿಬಂದೆ. ನನಗೆ ತಿಳಿಯಂಗೆ ತೋರಿಸಿದೋರು ನೀವೊಬ್ರೇ," ಅಂದರು. ಕೆಲಸ ಅಕ್ಕನಿಗೇ ಅಂತ ಒಪ್ಪಿಕೊಂಡು, ಗೋಡೆಗೆ ಒರಗಿ ಕೂತರು. "ಟೀ ಇಲ್ಲ, ಒಪ್ಪಿದೆ. ಮಂಡಕ್ಕಿ ಮಿರ್ಚಿ ಐತೆ ಅಂತ ತೋರಿಸ್ತೈತಲ್ಲ, ಎಲ್ಲೋ ತಮ್ಮಾ?"

ಓಡಿಹೋಗಿ ತಂದೆ.

ವಾರ ಕಳೆದು ಕುರ್ಚಿ ಬಂತು. ಮೂರು ಸುತ್ತು ತಿರುಗಿ, ಮೋಡದ ಮೇಲೆ ಕೂತವನ ಹಾಗೆ ತೇಲುತ್ತ, ಬೆಳಗಿನ ಆಜ್ಞೆ ಹೊಡೆದೆ. ಅಕ್ಕ ಈ ಸಲ ತನ್ನದೇ ಪಟ್ಟಿ ಬರೆದಿಟ್ಟಿದ್ದಳು.

ಕುರ್ಚಿ ಟ್ರೂ. ಗಣಿತ ಟ್ಯೂಷನ್, ಸಂಜೆ ಐದಕ್ಕೆ, ಟ್ರೂ.

ಎರಡನೆಯದನ್ನು ಫಾಲ್ಸ್ ಮಾಡಲು ಹೋದೆ. ನಿನಗೆ ಆ ಅಧಿಕಾರ ಇಲ್ಲ ಅಂತ ಬಂತು.