ಒಂದು ದಿನದ ಮಹಾನಗರ

ಕನಕರಾಜನ ಫಜೀತಿಗೆಲ್ಲ ಮೂಲ ಒಂದೇ ಒಂದು ಶಬ್ದ. ಮದುವೆಯ ಬಯೋಡಾಟಾದಲ್ಲಿ 'ಊರು' ಎಂಬುದರ ಮುಂದೆ ಅವನು 'ಗದಗ-ಬೆಟಗೇರಿ ಮಹಾನಗರ' ಎಂದು ಬರೆದಿದ್ದ.

ಕಾಗದಪತ್ರಗಳಲ್ಲಿ ಅದು ನಗರ, ಭಾಷಣಗಳಲ್ಲಿ ಅವಳಿ ನಗರ, ಕೈಚೀಲ ಹಿಡಿದು ಬರುವ ಸುತ್ತಲ ಹಳ್ಳಿಯವರ ಬಾಯಲ್ಲಿ ಪ್ಯಾಟಿ. ಅವನ ತಾಯಿ ಅನ್ನವ್ವನ ಪ್ರಕಾರವಂತೂ ಬೆಟಗೇರಿ ಊರು, ಗದಗ ಬೇರೆಯವರ ಊರು. ಆದರೆ ಲಕ್ಷ್ಮೇಶ್ವರದ ಹೆಣ್ಣಿನವರು "ನಮಗ ಶಹರದ ವರ ಬೇಕ್ರಿ" ಎಂದು ಕೈಬಿಟ್ಟ ಮೇಲೆ ಕನಕರಾಜನಿಗೆ ರೋಷ ಬಂತು. ನಗರಕ್ಕೊಂದು 'ಮಹಾ' ಸೇರಿಸಿದರೆ ಯಾರ ಗಂಟು ಹೋಗುತ್ತದೆ? ಸೀರೆ ಅಂಗಡಿಯಲ್ಲಿ ಮದುವಣಗಿತ್ತಿಯರಿಗೆ ಸೀರೆ ಬಿಚ್ಚಿ ತೋರಿಸುತ್ತಲೇ ಮೂವತ್ತನಾಲ್ಕು ದಾಟಿದವನಿಗೆ ಇಷ್ಟೂ ಸ್ವಾತಂತ್ರ್ಯ ಬೇಡವೇ? ಜೊತೆಗೆ ಕೋಟು, ಕರಿ ಕನ್ನಡಕದ ಫೋಟೋ ಅಂಟಿಸಿದ. ಫೋನಿನಲ್ಲಿ ಅದನ್ನು ಎಷ್ಟು ಬೆಳ್ಳಗೆ ಮಾಡಿದ್ದನೆಂದರೆ, "ಯಾರಪಾ ಈ ಸಾಹೇಬ್ರು?" ಎಂದು ಅನ್ನವ್ವನೇ ಕೇಳಿದ್ದಳು.

ಶಬ್ದ ತನ್ನ ಕೆಲಸ ಮಾಡಿತು. ಹೊಂಬಳದ ಪ್ರಲ್ಹಾದಪ್ಪನವರು ಫೋನು ಮಾಡಿದರು.

"ನಾವು ಸಣ್ಣವರಿದ್ದಾಗಿಂದ ಗದಗ ಪ್ಯಾಟಿಗೆ ಬರೋ ಮಂದಿ. ಅದು ಯಾವಾಗ ಮಹಾನಗರ ಆತು ಅಂತ ನೋಡಬೇಕಾಗೇತ್ರಿ. ಐತವಾರ ಹತ್ತಕ್ಕ ಮನಿ ನೋಡಾಕ ಬರ್ತೀವಿ. ಹುಡುಗೀನೂ ಬರ್ತಾಳ."

ಕನಕರಾಜನಿಗೆ ಊರಿನ ಚಿಂತೆಗಿಂತ ಓಣಿಯ ಚಿಂತೆ ದೊಡ್ಡದು. ಹೋದ ಸಲ ಶಿರಹಟ್ಟಿಯವರು ಬಂದಾಗ ಅರ್ಧ ಓಣಿ ಪಡಸಾಲೆಯಲ್ಲಿ ಬಂದು ಕುಳಿತಿತ್ತು. ಅವನು ಏಳು ವರ್ಷದವರೆಗೂ ಹಾಸಿಗೆ ಒದ್ದೆ ಮಾಡುತ್ತಿದ್ದುದನ್ನು ಪಕ್ಕದ ಮನೆಯ ಹಾಜಿರಾಬಿ ಬಹಳ ಪ್ರೀತಿಯಿಂದ ವರ್ಣಿಸಿದ್ದಳು. "ಹುಡುಗ ಬಂಗಾರ. ಸೊಂಟ ಒಂದ ವರ್ಷಕ್ಕ ಎರಡು ಇಂಚು ಬೆಳ್ಯಾಕತ್ತೈತಿ" ಎಂದು ಎದುರಿನ ಟೇಲರ್ ಖಾಸಿಂಸಾಬ ಸೇರಿಸಿದ್ದ. ಶಿರಹಟ್ಟಿಯವರು ಚಹಾ ಕುಡಿದು ಹೋದವರು ಮತ್ತೆ ಈ ಕಡೆ ಮುಖ ಹಾಕಲಿಲ್ಲ. ಇದೂ ತಪ್ಪಿಹೋದರೆ ಇನ್ನು ಸಂಬಂಧ ತರುವವರೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಅವನು ಮನೆಮನೆಗೂ ಹೋಗಿ ಕೈಮುಗಿದ.

"ಚಾಚಿ, ಮಹಾನಗರದಾಗ ಬಾಜೂ ಮನ್ಯಾಗ ಯಾರದಾರ ಅಂತ ಯಾರಿಗೂ ಗೊತ್ತಿರಂಗಿಲ್ಲ. ಇವತ್ತೊಂದಿನ ನೀವೂ ಹಂಗ ಇರ್ರಿ."

"ನೀ ಹುಟ್ಟಿದಾಗ ನಿನಗ ಮೊದಲ ನೀರು ಹಾಕಿದಾಕಿ ನಾನು," ಹಾಜಿರಾಬಿ ಕಣ್ಣರಳಿಸಿದಳು. "ನಿನ್ನ ಗೊತ್ತಿಲ್ಲ ಅನ್ನಬೇಕ?"

"ನನ್ನ ಮದುವಿ ಸಲುವಾಗಿ ಚಾಚಿ."

"ಮದುವಿ ಸಲುವಾಗಿ ಅಂದ್ರ ನಿಮ್ಮವ್ವನ್ನೂ ಗೊತ್ತಿಲ್ಲ ಅಂತೀನಿ, ಹೋಗು."

ಓಣಿಯ ಜನ ಒಳ್ಳೆಯವರು, ಮಾತು ಕೊಟ್ಟರೆ ಕೊಟ್ಟರು. ಎಲ್ಲರೂ ಒಪ್ಪಿದರು. ಕೊನೆಯ ಮನೆಯ ಮುದುಕವ್ವನಿಗೆ ಮಾತ್ರ ಹೇಳಲಾಗಲಿಲ್ಲ. ಅವಳು ಮೊಮ್ಮಗ ಸುನೀಲನ ಜೊತೆ ಅಸುಂಡಿಗೆ ಹೋಗಿದ್ದಳು, ಬಾಗಿಲಿಗೆ ಬೀಗವಿತ್ತು.

ಹತ್ತಕ್ಕೆ ಕನಕರಾಜ ಬಿಳಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕುಳಿತ. ಬೋಗುಣಿ ತುಂಬ ಉಪ್ಪಿಟ್ಟು ಹಬೆಯಾಡುತ್ತಿತ್ತು.

"ಬಾಗಲಾ ತಗೀಲೇನೋ?" ಅನ್ನವ್ವ ಕೇಳಿದಳು.

"ಬ್ಯಾಡಬೇ. ಮಹಾನಗರದಾಗ ಬಾಗಲಾ ಮುಚ್ಚಿರ್ತಾವ."

ಹತ್ತೂವರೆಗೆ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಮಹಾನಗರದವರು ಗೊತ್ತಿಲ್ಲದ ನಂಬರು ಎತ್ತುವುದಿಲ್ಲ ಎಂದು ಅವನೆಲ್ಲೋ ಕೇಳಿದ್ದ. ಕಟ್ ಮಾಡಿದ. ಮತ್ತೆ ರಿಂಗಾಯಿತು. ಮತ್ತೆ ಕಟ್ ಮಾಡಿ, ತನ್ನ ಗತ್ತನ್ನು ತಾನೇ ಮೆಚ್ಚಿಕೊಂಡ. ಹನ್ನೊಂದಾಯಿತು, ಹನ್ನೆರಡಾಯಿತು, ಉಪ್ಪಿಟ್ಟು ಗಟ್ಟಿಯಾಗತೊಡಗಿತು.

ತಾಳಲಾರದೆ ಹೊರಗೆ ಬಂದ. ಖಾಸಿಂಸಾಬ ಹೊಲಿಗೆ ಯಂತ್ರದ ಮುಂದೆ ಕಲ್ಲಿನಂತೆ ಕುಳಿತಿದ್ದ.

"ಕಾಕಾ, ಯಾರರ ಬಂದಿದ್ರೇನು?"

"ನೀವ್ಯಾರ್ರಿ?" ಎಂದ ಖಾಸಿಂಸಾಬ.

"ಕಾಕಾ, ನಾನು!"

"ನನಗ ಯಾರೂ ಗೊತ್ತಿಲ್ರಿ. ಇದು ಮಹಾನಗರ." ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದ. "ನಾ ಪಾಸಾದ್ನೇನಲೇ? ಮೂರು ಮಂದಿ ಬಂದಿದ್ರು. ಕನಕರಾಜನ ಮನಿ ಯಾವುದು ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಹಾಜಿರಾಬೀನೂ ಹಂಗ ಅಂದ್ಲು. ಇಡೀ ಓಣಿ ಹಂಗ ಅಂತು! ಬಿಸಲಾಗ ಎರಡು ಸಲ ಅಡ್ಡಾಡಿದ್ರು. ಅವರಪ್ಪನ ಫೋನು ಬಂದ್ ಆಗಿತ್ತಂತ, ಹುಡುಗಿ ತನ್ನ ಫೋನಿಂದ ನಿನಗ ಹಚ್ಚಿದ್ಲು."

ಅಷ್ಟರಲ್ಲಿ ಕೊನೆಯ ಮನೆಯಿಂದ ಜೋರು ನಗು ಕೇಳಿಸಿತು. ಕನಕರಾಜ ಓಡಿದ. ಇಡೀ ಓಣಿ ಅವನ ಹಿಂದೆ ಓಡಿತು.

ಹತ್ತೂವರೆ ಬಸ್ಸಿಗೆ ಮರಳಿದ್ದ ಮುದುಕವ್ವನಿಗೆ ಮಹಾನಗರದ ಸುದ್ದಿಯೇ ಇರಲಿಲ್ಲ. ಬಿಸಿಲಲ್ಲಿ ನಿಂತ ಮೂವರನ್ನು ಕಂಡವಳೇ, "ಮನಿ ಆಮ್ಯಾಲ ತೋರಸ್ತೀನಿ, ಮೊದಲ ಒಳಗ ಬಂದು ನೀರು ಕುಡೀರಿ" ಎಂದು ಕರೆದು ಕೂರಿಸಿದ್ದಳು. ನೀರಾಯಿತು, ಚಹಾ ಆಯಿತು, ಮನೆತನದ ಮಾತಾಯಿತು. ಚಹಾ ತಂದುಕೊಟ್ಟವನು ಸುನೀಲ. ಪ್ರಲ್ಹಾದಪ್ಪನವರ ಮಗಳು ಸೌಂದರ್ಯಾ ಅವನ ಕಡೆ ನೋಡಿ ನಕ್ಕಿದ್ದಳು.

ಕನಕರಾಜ ಹೊಸ್ತಿಲು ದಾಟಿದಾಗ ಮುದುಕವ್ವ ಅಡುಗೆಮನೆಯಲ್ಲಿ ಸಕ್ಕರೆ ಹುಡುಕುತ್ತಿದ್ದಳು. ಕರಿ ಕನ್ನಡಕವಿಲ್ಲದ ಅವನ ಗುರುತು ಯಾರಿಗೂ ಹತ್ತಲಿಲ್ಲ.

"ಬರ್ರಿ ಬರ್ರಿ," ಎಂದರು ಪ್ರಲ್ಹಾದಪ್ಪನವರು ಹಿಗ್ಗಿನಿಂದ. "ನಮ್ಮ ಹುಡುಗೀಗೆ ಸುನೀಲಪ್ಪ ಮನಸಿಗೆ ಬಂದಾನ. ಮಹಾನಗರಕ್ಕ ಕೊಡಾಕ ಬಂದಿದ್ವಿ, ಬ್ಯಾಡಪಾ ಬ್ಯಾಡ, ಅಲ್ಲಿ ಬಾಯಾರಿ ಸತ್ರೂ ಕೇಳೋರಿಲ್ಲ. ಈ ಮನ್ಯಾಗ ಬಂದ್ಮ್ಯಾಲ ನೋಡ್ರಿ, ಊರಿಗೆ ಬಂದಂಗಾತು. ಅಂದಂಗ, ಆ ಕನಕರಾಜ ಅನ್ನೋರ ಮನಿ ಯಾವುದು, ಗೊತ್ತೇನ್ರಿ? ಒಂದ ಮಾತು ಹೇಳಿ ಹೋಗಬೇಕು."

ಬಾಗಿಲಲ್ಲಿ ನಿಂತ ಓಣಿಯೆಲ್ಲ ಉಸಿರು ಹಿಡಿದು ಅವನ ಮುಖ ನೋಡಿತು. ಹಾಜಿರಾಬಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಗೊತ್ತಿಲ್ರಿ," ಎಂದ ಕನಕರಾಜ.

ಮುದುಕವ್ವ ಸಕ್ಕರೆ ತಟ್ಟೆ ಹಿಡಿದು ಹೊರಬಂದವಳು ಅವನನ್ನು ಕಂಡು ಮುಖ ಅರಳಿಸಿದಳು.

"ಬಂದ್ಯಾ ಕನಕರಾಜಾ? ಚಲೋ ಆತು. ನಿಮ್ಮ ಮನ್ಯಾಗ ಉಪ್ಪಿಟ್ಟಿನ ವಾಸನಿ ಬರಾಕತ್ತಿತ್ತು. ಜಲ್ದಿ ಹೋಗಿ ಬೋಗುಣಿ ತಗೊಂಡ ಬಾರೋ, ಬೀಗರು ಹಸದಾರ!"